ಧ್ವನಿ ಬರುವ ಮೊದಲು

ಕಂಪ್ಯೂಟರಿನ ಫ್ಯಾನು ಎದ್ದಿತು. ಒಳಗೆ ಡಿಸ್ಕು ಒಮ್ಮೆ ಗೊರ್ ಎಂದು ಮೈಮುರಿದು ಸುಮ್ಮನಾಯಿತು. ಆಮೇಲೆ ಬೋರ್ಡಿನಿಂದ ಪೀಪ್ ಎಂಬ ಒಂದೇ ಸದ್ದು, ಎಂದಿನ ಹಾಗೆಯೇ ಗಿಡ್ಡಗೆ, ಚೊಕ್ಕವಾಗಿ. ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇದೆಯಲ್ಲ ಎಂದುಕೊಂಡು ಅವಳು ಕೀಲಿಮಣೆಯ ಮೇಲೆ ಬೆರಳಿಟ್ಟು, ಕತ್ತನ್ನು ಪೆಟ್ಟಿಗೆಯ ಕಡೆಗೆ ವಾಲಿಸಿ ಕಾದಳು. ಇನ್ನು ಡಿಸ್ಕು ಒಂದೇ ಸಮನೆ ಕುಟುಕುಟು ಓದಬೇಕು, ಆಮೇಲೆ ಸ್ಪೀಕರಿನಲ್ಲಿ ಟಪ್ ಎಂದು ಏನೋ ಬಿಚ್ಚಿಕೊಂಡ ಹಾಗಾಗಬೇಕು, ಅದರ ಬೆನ್ನಿಗೇ ಧ್ವನಿ ಬರಬೇಕು. ಕಣ್ಣಿಲ್ಲದವಳಿಗೆ ಕಂಪ್ಯೂಟರ್ ಎಂದರೆ ಆ ಧ್ವನಿಯೇ. ಪರದೆಯ ಮೇಲೆ ಏನಿದೆಯೋ ಅದನ್ನೆಲ್ಲ ಓದಿ ಹೇಳುತ್ತದೆ, ಅವಳು ಒತ್ತಿದ ಒಂದೊಂದು ಅಕ್ಷರವನ್ನೂ ಒಪ್ಪಿಸುತ್ತದೆ. ಅದನ್ನು ನಂಬಿಕೊಂಡೇ ಅವಳು ದಿನವಿಡೀ ಆಸ್ಪತ್ರೆಯ ವೈದ್ಯರು ಮಾತಿನಲ್ಲಿ ಹೇಳಿ ಕಳಿಸುವ ವರದಿಗಳನ್ನು ಕೇಳುತ್ತಾ ಟೈಪು ಮಾಡುತ್ತಾಳೆ. ಡಿಸ್ಕು ಓದಲಿಲ್ಲ. ಟಪ್ ಎನ್ನಲಿಲ್ಲ. ಫ್ಯಾನು ಮಾತ್ರ ಇದಕ್ಕೂ ತನಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ ತಿರುಗುತ್ತಿತ್ತು.

"ಅತ್ತೆ," ಎಂದು ಅವಳು ಕೂಗಿದಳು, "ಇದನ್ನ ಏನಾದ್ರೂ ಮುಟ್ಟಿದ್ರಾ?"

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ನಲ್ಲಿ ಇನ್ನೂ ಸ್ವಲ್ಪ ಹೊತ್ತು ಸುರಿಯಿತು, ಆಮೇಲೆ ಅತ್ತೆ ಅದನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ತಿರುಗಿಸಿ ನಿಲ್ಲಿಸಿದ್ದು ಕೇಳಿಸಿತು. ಮಾತು ಬಾಯಿಂದ ಹೊರಬೀಳುತ್ತಿದ್ದ ಹಾಗೆಯೇ ಅವಳಿಗೆ ಗೊತ್ತಿತ್ತು: ಮೇಜಿನ ಡ್ರಾಯರಿನಲ್ಲಿ ಸ್ಕ್ರೂಡ್ರೈವರ್ ಇದೆ, ಅದರ ಪಕ್ಕದಲ್ಲಿ ಕಾಗದದಲ್ಲಿ ಸುತ್ತಿಟ್ಟ ಹಳೆಯ ಸೆಲ್ ಇದೆ, ಮುಟ್ಟಿದವಳು ತಾನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬಾಯಿತಪ್ಪಿ ಬಂದ ಮಾತು ಎಂದು ತನಗೆ ತಾನೇ ಹೇಳಿಕೊಳ್ಳಲು ನೋಡಿದಳು. ತಪ್ಪಿ ಬಂದದ್ದಲ್ಲ, ಸಲೀಸಾಗಿ ಬಂದದ್ದು. ಈ ಮನೆಯಲ್ಲಿ ಏನು ಕೆಟ್ಟರೂ ಮೊದಲು ಅತ್ತೆಯ ಕಡೆಗೆ ತಿರುಗುವುದು ಅವಳ ನಾಲಗೆಗೆ ರೂಢಿಯಾಗಿಹೋಗಿತ್ತು.

ಕಂಪ್ಯೂಟರಿನ ಗಡಿಯಾರ ಕೆಲವು ದಿನಗಳಿಂದ ಹಿಂದೆ ಬೀಳುತ್ತಿತ್ತು. ಕಳಿಸಿದ ವರದಿಗಳ ಮೇಲೆ ತಪ್ಪು ಸಮಯ ಬೀಳುತ್ತಿದೆ ಎಂದು ಕಚೇರಿಯ ಮೇಲ್ವಿಚಾರಕಿ ಆಡಿ ತೋರಿಸಿದ್ದಳು, ಮನೆಯಲ್ಲಿ ಕೂತು ಕೆಲಸ ಮಾಡುವವರ ಹಣೆಬರಹವೇ ಇಷ್ಟು ಎನ್ನುವ ದನಿಯಲ್ಲಿ. ಬೋರ್ಡಿನ ಮೇಲೆ ಕೋಟಿನ ಗುಂಡಿಯಷ್ಟಗಲದ ಒಂದು ಸೆಲ್ ಇರುತ್ತದೆ, ಕರೆಂಟು ಇಲ್ಲದಾಗಲೂ ಗಡಿಯಾರವನ್ನು ಅದೇ ನಡೆಸುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಿನ್ನೆ ಸಂಜೆ ಕೋಲು ಹಿಡಿದು ಮೂಲೆಯ ವಾಚಿನಂಗಡಿಗೆ ಒಬ್ಬಳೇ ಹೋಗಿ ಹೊಸದು ತಂದಳು. ಪ್ಲಗ್ಗು ಕಿತ್ತಳು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಳು, ತಂತಿಗಳ ನಡುವೆ ಬೆರಳಾಡಿಸಿ ಸೆಲ್ಲನ್ನು ಹುಡುಕಿ, ಉಗುರಿನಿಂದ ಕೊಕ್ಕೆ ಸರಿಸಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದಳು. ಅದು ಕಟಕ್ ಎಂದು ಕೂತಾಗ ಆದ ಖುಷಿ ಈಗಲೂ ಬೆರಳ ತುದಿಯಲ್ಲಿದೆ. ಲಾರಿ ಓಡಿಸುವ ಗಂಡ ಮರಳಿ ಬಂದಾಗ, ಊಟಕ್ಕೆ ಕೂತಿರುವಾಗ, ಏನೂ ಅಲ್ಲದ ಮಾತಿನ ಹಾಗೆ ಇದನ್ನು ಹೇಗೆ ಎತ್ತಬೇಕು ಎಂದು ಆಗಲೇ ಯೋಚಿಸಿಟ್ಟಿದ್ದಳು. ಅಷ್ಟರಲ್ಲಿ ಅತ್ತೆಯ ಚಪ್ಪಲಿ ಸದ್ದು ಕೇಳಿ, ಕದ್ದು ತಿನ್ನುವಾಗ ಸಿಕ್ಕಿಬಿದ್ದವಳ ಹಾಗೆ ಗಡಬಡಿಸಿ ತಗಡು ಮುಚ್ಚಿ, ಎಲ್ಲವನ್ನೂ ಡ್ರಾಯರಿಗೆ ನೂಕಿದ್ದಳು. ಚಾಲೂ ಮಾಡಿ ನೋಡಿರಲಿಲ್ಲ. ನೋಡುವುದೇನು, ಗಡಿಯಾರದ ಸೆಲ್ ತಾನೆ ಎಂಬ ಧೈರ್ಯ.

ಗುಂಡಿಯನ್ನು ಒತ್ತಿ ಹಿಡಿದು ಆರಿಸಿ, ಮತ್ತೆ ಹೊತ್ತಿಸಿದಳು. ಫ್ಯಾನು, ಗೊರ್, ಪೀಪ್, ಮೌನ. ಈ ಕಂಪ್ಯೂಟರನ್ನು ಬಿಡಿಭಾಗ ತಂದು ಜೋಡಿಸಿಕೊಟ್ಟ ರಿಪೇರಿಯವನು ಮಹಾ ಬಾಯಿಬಡುಕ, ಕೆಲಸಕ್ಕಿಂತ ವಿವರಣೆಯೇ ಹೆಚ್ಚು. ಗುಂಡಿ ಒತ್ತಿದಾಗ ಮೊದಲು ಏಳುವುದು ಬೋರ್ಡಿನ ಮೇಲಿರುವ ಒಂದು ಪುಟ್ಟ ಚಿಪ್ಪು ಎಂದು ಅವನು ಹೇಳಿದ್ದ. ಅದು ಎದ್ದ ತಕ್ಷಣ ಹಾಜರಿ ಕೂಗುತ್ತದೆ: ಮೆಮೊರಿ ಇದ್ದೀಯಾ, ಕೀಲಿಮಣೆ ಇದ್ದೀಯಾ, ಡಿಸ್ಕು ಇದ್ದೀಯಾ. ಎಲ್ಲರೂ ಇದ್ದೀವಿ ಎಂದರೆ ಒಂದು ಪೀಪ್. ಆಮೇಲೆ ಡಿಸ್ಕಿನಿಂದ ಆಪರೇಟಿಂಗ್ ಸಿಸ್ಟಮ್ಮನ್ನು ಎಬ್ಬಿಸಿ ಕರೆತಂದು, ಮನೆಯ ಬೀಗದ ಕೈಯನ್ನು ಅದರ ಕೈಗಿತ್ತು ಚಿಪ್ಪು ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಂದ ಮುಂದಿನದೆಲ್ಲ ಆಪರೇಟಿಂಗ್ ಸಿಸ್ಟಮ್ಮಿನ ಯಜಮಾನಿಕೆ. ಯಾರಿಗೆ ಮೆಮೊರಿಯಲ್ಲಿ ಎಷ್ಟು ಜಾಗ, ಯಾರು ಮೊದಲು ಮಾತಾಡಬೇಕು, ಯಾರು ಬಾಯಿಮುಚ್ಚಿ ಕಾಯಬೇಕು, ಯಾವ ಭಾಗದ ಜೊತೆ ಯಾವ ರೀತಿಯಲ್ಲಿ ವ್ಯವಹರಿಸಬೇಕು, ಎಲ್ಲ ಅದೇ ನೋಡಿಕೊಳ್ಳುತ್ತದೆ. ಅದು ಒಂದೊಂದಾಗಿ ಎಲ್ಲರನ್ನೂ ಎಬ್ಬಿಸುತ್ತಾ ಬಂದು, ಸದ್ದು ಹೊರಡಿಸುವ ಕಾರ್ಡನ್ನು ಎಬ್ಬಿಸುವುದು ಸಾಕಷ್ಟು ಕೊನೆಯಲ್ಲಿ. ಅವಳಿಗೆ ಓದಿ ಹೇಳುವ ಧ್ವನಿ ಬರುವುದು ಅದಕ್ಕೂ ಆಮೇಲೆ. ಅಲ್ಲಿಯವರೆಗೆ ಕಂಪ್ಯೂಟರ್ ಸುಮ್ಮನಿರುತ್ತದೆ ಎಂದಲ್ಲ, ಏನಾದರೂ ಹೇಳಬೇಕಾದರೆ ಪರದೆಯ ಮೇಲೆ ಬರೆಯುತ್ತದೆ ಎಂದಿದ್ದ. ಆ ಹೊತ್ತು ಕಣ್ಣಿದ್ದವರದು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೆ ಅರ್ಥವಾಗಿತ್ತು. ಕಂಪ್ಯೂಟರ್ ಈ ಮನೆಗೆ ಬಂದ ಮೇಲೆ ಒಂದು ದಿನವೂ ಆ ಹೊತ್ತಿನ ಹಂಗು ಅವಳಿಗೆ ಬೇಕಾಗಿರಲಿಲ್ಲ.

ರಿಪೇರಿಯವನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಗಂಡನ ಫೋನು ಯಾವುದೋ ಗುಡ್ಡದ ತಿರುವಿನಲ್ಲಿ ಸಿಗದೆ ಹೋಯಿತು. ಫೋನಿನ ಕ್ಯಾಮೆರಾವನ್ನು ಪರದೆಯ ಎದುರು ಹಿಡಿದು ಓದಿಸಲು ನೋಡಿದಳು. ಕಪ್ಪು ಬಣ್ಣದ ವಸ್ತು, ಬಹುಶಃ ಕಿಟಕಿ ಎಂದು ಅದು ಬಹಳ ಮರ್ಯಾದೆಯಿಂದ ತಿಳಿಸಿತು. ಇನ್ನೊಂದು ಸಲ ಹಿಡಿದಾಗ ಬಹುಶಃ ಬಾಗಿಲು ಎಂದಿತು. ಅಷ್ಟರಲ್ಲಿ ಮೇಲ್ವಿಚಾರಕಿಯ ಕರೆ ಬಂತು. ಪರೀಕ್ಷೆಗೆ ಕಳಿಸಿದ ಗಡ್ಡೆಗಳ ವರದಿಗಳಿವೆ, ಮಧ್ಯಾಹ್ನದೊಳಗೆ ವಾರ್ಡಿಗೆ ಹೋಗಬೇಕು, ರೋಗಿಗಳು ಅಲ್ಲೇ ಕಾದಿದ್ದಾರೆ ಎಂದಳು. ಇವತ್ತೂ ಏನಾದರೂ ನೆಪ ಬಂದರೆ ನಾಳೆಯಿಂದ ಕಚೇರಿಗೇ ಬಂದುಬಿಡಿ, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದೂ ಸೇರಿಸಿದಳು. ಕಳಿಸುತ್ತೇನೆ ಎಂದು ಅವಳು ಹೇಳಿದ್ದು ಎಷ್ಟು ಸಹಜವಾಗಿತ್ತೆಂದರೆ ಅವಳಿಗೇ ಅಸಹ್ಯವಾಯಿತು. ಕಚೇರಿ ಊರಿನ ಆ ತುದಿಯಲ್ಲಿದೆ. ಒಂದು ವರ್ಷ ಬಸ್ಸು ಬದಲಿಸಿಕೊಂಡು ಹೋಗಿದ್ದಳು, ಯಾರದೋ ಮೊಣಕೈ ಹಿಡಿದು, ಯಾರದೋ ಅಯ್ಯೋ ಪಾಪ ಕೇಳಿಕೊಂಡು. ದಾಟಬೇಕಿಲ್ಲದ ರಸ್ತೆಯನ್ನು ಎಳೆದುಕೊಂಡು ಹೋಗಿ ದಾಟಿಸಿ ಪುಣ್ಯ ಕಟ್ಟಿಕೊಂಡವರು ಎಷ್ಟೋ ಜನ. ಅವರು ಹೋದ ಮೇಲೆ ಅವಳು ಮತ್ತೆ ಈಚೆಗೆ ದಾಟಿಕೊಳ್ಳಬೇಕಿತ್ತು. ಈ ಕೋಣೆ, ಈ ಮೇಜು, ಈ ಧ್ವನಿ ಸಿಕ್ಕ ಮೇಲೆಯೇ ಅವಳು ಒಬ್ಬ ಕೆಲಸಗಾರ್ತಿ ಆದದ್ದು. ಅದು ಹೋದರೆ ಮತ್ತೆ ಆ ಮೊಣಕೈಗಳೇ ಗತಿ.

ಕಾಫಿಯ ಲೋಟ ಹೊಸ್ತಿಲ ಬಳಿಯ ಸ್ಟೂಲಿನ ಮೇಲೆ ಕೂತ ಸದ್ದಾಯಿತು. ಹೋದ ತಿಂಗಳಿನಿಂದ ಅತ್ತೆಯ ಕಾಫಿ ಹೊಸ್ತಿಲು ದಾಟಿ ಬಂದಿಲ್ಲ. ಅತ್ತೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಶರ್ಟಿನ ಕಾಲರು ಹೊಲಿದು ನಿವೃತ್ತಳಾದವಳು. ಧೂಳು ಕಂಡರೆ ಕೈ ನಿಲ್ಲದು. ಆ ದಿನ ಒದ್ದೆ ಬಟ್ಟೆಯಲ್ಲಿ ಕೀಲಿಮಣೆ ಒರೆಸಿ, ಹಿಂದಿನ ಯಾವುದೋ ತಂತಿಯನ್ನು ಸಡಿಲ ಮಾಡಿ, ಒಂದು ಹೊತ್ತಿನ ಕೆಲಸ ಕೆಡಿಸಿದ್ದಳು. ಇಲ್ಲಿರುವ ಒಂದಾದರೂ ನಿಮಗೆ ಗೊತ್ತಾಗುತ್ತಾ, ಗೊತ್ತಾಗದಿದ್ದರೆ ಯಾಕೆ ಬರುತ್ತೀರಿ ಎಂದು ಇವಳು ಕೂಗಾಡಿದ್ದಳು. ಅತ್ತೆ ಒಂದೂ ತಿರುಗಿ ಹೇಳಲಿಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು, ಎರಡು ದಿನದಲ್ಲಿ ತಣ್ಣಗಾಗುತ್ತಿತ್ತು. ಬದಲಿಗೆ ಆ ಸ್ಟೂಲು ಬಂದು ಹೊಸ್ತಿಲ ಬಳಿ ಕೂತಿತು. ಇವಳು ದಿನಾ ಎದ್ದು ಹೋಗಿ ಅದರ ಮೇಲಿನ ಲೋಟ ತೆಗೆದುಕೊಳ್ಳುತ್ತಿದ್ದಳು, ಒಂದು ಮಾತು ಹೇಳೋಣ ಎಂದುಕೊಳ್ಳುತ್ತಿದ್ದಳು, ಕಾಫಿ ಕುಡಿದು ಸುಮ್ಮನಾಗುತ್ತಿದ್ದಳು.

ಇವತ್ತು ಲೋಟ ಇಟ್ಟ ಮೇಲೂ ಚಪ್ಪಲಿ ಸದ್ದು ಮರಳಿ ಹೋಗಲಿಲ್ಲ. ಸೋಪಿನ ವಾಸನೆ ಬಾಗಿಲಲ್ಲೇ ನಿಂತಿತ್ತು.

"ಅದರಲ್ಲಿ ಏನೋ ಬರೆದಿದೆ," ಎಂದಳು ಅತ್ತೆ.

"ಎಲ್ಲಿ?"

"ಪರದೆ ಮೇಲೆ. ಕಪ್ಪಲ್ಲಿ ಬಿಳೀ ಅಕ್ಷರ. ಆಗಿನಿಂದ ಹಾಗೇ ಇದೆ."

"ಮೊದಲೇ ಹೇಳೋದಲ್ವಾ ಅತ್ತೆ?"

"ನನಗೆ ಗೊತ್ತಾಗಲ್ಲ ಅಂದಿದ್ದೆಯಲ್ಲ."

ಆ ಮಾತಿನಲ್ಲಿ ಕೊಂಕು ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಕೊಂಕಿರಲಿಲ್ಲ. ಅಂಗಡಿ ಇವತ್ತು ಮುಚ್ಚಿದೆ ಎಂದು ಹೇಳುವ ಹಾಗೆ ಅತ್ತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಬೆಳಗಿನಿಂದ ಕಂಪ್ಯೂಟರ್ ಕೆಟ್ಟು ಬಿದ್ದಿರಲಿಲ್ಲ, ಅವಳನ್ನು ಏನೋ ಕೇಳುತ್ತಾ ಉತ್ತರಕ್ಕೆ ಕಾದು ಕೂತಿತ್ತು. ಅದನ್ನು ಕಂಡವರು ಬಾಗಿಲಲ್ಲೇ ನಿಂತಿದ್ದರು. ಅವರ ಬಾಯಿಗೆ ಬೀಗ ಹಾಕಿದವಳು ತಾನೇ. ಅವಳ ಕಿವಿ ಬಿಸಿಯಾಯಿತು. ಒಳಗೆ ಬನ್ನಿ ಅತ್ತೆ, ಸ್ವಲ್ಪ ಓದಿ ಹೇಳಿ ಎಂದಳು.

ಅತ್ತೆ ತಕ್ಷಣ ಬರಲಿಲ್ಲ. ಕನ್ನಡಕದ ಡಬ್ಬಿ ತೆರೆದು ಮುಚ್ಚಿದ ಸದ್ದಾಯಿತು. ಚಪ್ಪಲಿಯನ್ನು ಹೊರಗೇ ಬಿಟ್ಟು, ಕುರ್ಚಿಯ ಪಕ್ಕ ಬಂದು ನಿಂತಳು. ಇಂಗ್ಲಿಷಿನಲ್ಲಿ ತನಗೆ ಬರುವುದು ಶರ್ಟಿನ ಅಳತೆಯ ಅಕ್ಷರಗಳು ಮಾತ್ರ, ಎಸ್, ಎಮ್, ಎಲ್, ಎಕ್ಸು, ಆಮೇಲೆ ಅಂಕಿಗಳು, ಅದಕ್ಕಿಂತ ಜಾಸ್ತಿ ಕೇಳಬೇಡ ಎಂದು ಮೊದಲೇ ಹೇಳಿದಳು. ಉಳಿದದ್ದರ ಆಕಾರ ಹೇಳಿ ಸಾಕು ಎಂದಳು ಇವಳು. ಕಣ್ಣು ಹೋಗುವಾಗ ಅವಳು ಹೈಸ್ಕೂಲಿನಲ್ಲಿದ್ದಳು. ಆಮೇಲೆ ಎಷ್ಟೋ ಮುಖಗಳು ಮಾಸಿದವು, ತನ್ನದೇ ಮುಖ ಮಾಸಿತು, ಕಪ್ಪುಹಲಗೆಯ ಮೇಲಿನ ಅಕ್ಷರಗಳು ಮಾತ್ರ ಯಾಕೋ ಹಾಗೇ ಉಳಿದುಕೊಂಡಿದ್ದವು. ಕೆಳಗಿನ ಸಾಲಿನಲ್ಲಿ ಒಂದು ಕಂಬ, ಅದಕ್ಕೆ ಬಲಗಡೆ ಎರಡು ಕೊಂಬೆ, ಪಕ್ಕದಲ್ಲಿ ಒಂದು ಎಂಬ ಅಂಕಿ ಎಂದಳು ಅತ್ತೆ. ಎಫ್ ಒಂದು, ಕೀಲಿಮಣೆಯ ಮೇಲಿನ ಸಾಲಿನ ಕೀಲಿ. ಮುಂದುವರಿಯಬೇಕಾದರೆ ಅದನ್ನು ಒತ್ತು ಎಂದು ಕೇಳುತ್ತಿದೆ, ಇಷ್ಟೇ. ಇಷ್ಟಕ್ಕೇ ಇಷ್ಟು ರಾಮಾಯಣವೇ ಎಂದು ನಗು ಬಂತು, ಒತ್ತಿದಳು.

ಡಿಸ್ಕು ಓದತೊಡಗಿತು. ಆ ಕುಟುಕುಟು ಕೇಳಿ ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಆಮೇಲೆ ಓದು ನಡುವೆಯೇ ಕತ್ತರಿಸಿದ ಹಾಗೆ ನಿಂತು, ಮತ್ತೆ ಪೀಪ್. ಮತ್ತೆ ಓದು, ಮತ್ತೆ ಕತ್ತರಿಸಿತು, ಮತ್ತೆ ಪೀಪ್. ನೀಲಿ ಬಂತು, ಹೋಯಿತು, ಮತ್ತೆ ಕಪ್ಪು ಎಂದು ಅತ್ತೆ ವರದಿ ಒಪ್ಪಿಸುತ್ತಿದ್ದಳು. ಆಪರೇಟಿಂಗ್ ಸಿಸ್ಟಮ್ ಏಳುತ್ತಿದೆ, ಎದ್ದು ಒಂದು ಹೆಜ್ಜೆ ಇಟ್ಟು ಬೀಳುತ್ತಿದೆ. ಈಗ ಅವಳಿಗೆ ಹೊಳೆಯಿತು. ಆ ಸೆಲ್ ಗಡಿಯಾರವೊಂದನ್ನೇ ನಡೆಸುವುದಿಲ್ಲ, ಚಿಪ್ಪಿನ ನೆನಪನ್ನೂ ಹಿಡಿದಿಟ್ಟಿರುತ್ತದೆ. ಪ್ಲಗ್ಗನ್ನೂ ಕಿತ್ತು ಸೆಲ್ಲನ್ನೂ ತೆಗೆದಾಗ ಚಿಪ್ಪು ಎಲ್ಲವನ್ನೂ ಮರೆತು ಕಾರ್ಖಾನೆಯಿಂದ ಬಂದ ದಿನದ ಹಾಗಾಗಿದೆ. ಈ ಹಳೇ ಡಿಸ್ಕಿನ ಜೊತೆ ಹಳೇ ರೀತಿಯಲ್ಲೇ ಮಾತಾಡಬೇಕು, ಅದನ್ನಿಲ್ಲಿ ಬದಲಿಸಿಟ್ಟಿದ್ದೀನಿ, ಇದೊಂದು ನೆನಪಿರಲಿ ಮೇಡಂ ಎಂದು ರಿಪೇರಿಯವನು ಹೇಳಿದ್ದ. ಅವನ ಅಷ್ಟೂ ಮಾತಿನಲ್ಲಿ ಬೇಕಾದದ್ದು ಆ ಒಂದು ಮಾತು, ಮರೆತದ್ದೂ ಅದೊಂದನ್ನೇ. ಚಿಪ್ಪು ಈಗ ಹೊಸ ರೀತಿಯಲ್ಲಿ ಮಾತಾಡುತ್ತಿದೆ, ಆಪರೇಟಿಂಗ್ ಸಿಸ್ಟಮ್ಮಿಗೆ ತನ್ನದೇ ಡಿಸ್ಕು ಸಿಗುತ್ತಿಲ್ಲ.

ಮುಂದಿನ ಪೀಪ್ ಆದ ಕೂಡಲೇ, ಚಿಪ್ಪಿನ ಸೆಟ್ಟಿಂಗುಗಳನ್ನು ತೆರೆಯುವ ಡಿಲೀಟ್ ಕೀಲಿಯನ್ನು ಬಡಿದಳು. ನೀಲಿ ಪರದೆ, ತುಂಬ ಸಾಲುಗಳು, ಒಂದು ಸಾಲಿಗೆ ಮಾತ್ರ ಬೇರೆ ಬಣ್ಣದ ಪಟ್ಟಿ ಎಂದಳು ಅತ್ತೆ. ಇವಳು ಬಾಣದ ಕೀಲಿ ಒತ್ತಿದರೆ ಪಟ್ಟಿ ಇಳಿಯಿತು ಎನ್ನುತ್ತಾಳೆ, ಹತ್ತಿತು ಎನ್ನುತ್ತಾಳೆ. ಡಿಸ್ಕಿನ ಸಾಲು ಬೇಕು, ಎಸ್ ಸೈಜಿನ ಎಸ್ಸಿನಿಂದ ಶುರುವಾಗುವುದನ್ನು ಹುಡುಕಿ, ಎಸ್ ಆದ ಮೇಲೆ ಏಣಿ ಇರಬೇಕು, ಆಮೇಲೆ ಕಂಬದ ಮೇಲೆ ಹಲಗೆ, ಮತ್ತೆ ಏಣಿ, ಸಾಟಾ ಅಂತ ಎಂದು ಇವಳು ಹೇಳಿಕೊಟ್ಟಳು. ಅತ್ತೆ ಕಾಲರಿನ ಹೊಲಿಗೆ ಪರೀಕ್ಷಿಸುವವಳ ಹಾಗೆ ಒಂದೂ ಸಾಲು ಬಿಡದೆ ನೋಡುತ್ತಾ ಬಂದಳು; ಅವಳ ಉಸಿರು ಇವಳ ಕೆನ್ನೆಗೆ ತಾಕುತ್ತಿತ್ತು. ಪುಟ ಬದಲಾಯಿತು, ಇನ್ನೊಂದು ಪುಟ. ಇಲ್ಲಿದೆ ನೋಡು ಎಂದಳು. ಅದರ ಎದುರು ಏನಿದೆ ಎಂದರೆ ನಾಲ್ಕು ಅಕ್ಷರ. ಅದು ಹೊಸ ರೀತಿ, ಹಳೇ ರೀತಿಯ ಮೂರು ಅಕ್ಷರ ಆಗಬೇಕು ಎಂದು ಇವಳು ಎಂಟರ್ ಒತ್ತಿ ಬಾಣ ಹುಡುಕುವಾಗ, ಅತ್ತೆ ಮಾತು ನಿಲ್ಲಿಸಿದಳು.

"ಒಂದು ಹೇಳಲಾ," ಎಂದಳು. "ನಿನ್ನೆ ನೀನು ಅಂಗಡಿಗೆ ಹೋದಾಗ ಒಳಗೆ ಬಂದಿದ್ದೆ. ಕಿಟಕಿ ತೆರೆದಿತ್ತು, ಮುಚ್ಚೋಣ ಅಂತ. ಕೆಳಗಿನ ತಂತಿ ಕಾಲಿಗೆ ತಾಕ್ತು. ನನ್ನಿಂದಲೇ ಆಗಿದ್ದು ಇದು. ನಿನ್ನ ಗಂಡ ಬಂದಾಗ ನೀನೇನೂ ಹೇಳಬೇಡ, ನಾನೇ ಹೇಳ್ತೀನಿ."

ಅವಳ ಬೆರಳು ಬಾಣದ ಮೇಲೆ ನಿಂತಿತು. ಸುಮ್ಮನಿದ್ದರೆ ಸಾಕಿತ್ತು. ಸುಳ್ಳು ಕೂಡ ಹೇಳಬೇಕಿರಲಿಲ್ಲ. ಇನ್ನೆರಡು ನಿಮಿಷದಲ್ಲಿ ಕಂಪ್ಯೂಟರ್ ಸರಿಹೋಗುತ್ತದೆ, ಪರವಾಗಿಲ್ಲ ಬಿಡಿ ಅತ್ತೆ ಎಂದು ದೊಡ್ಡ ಮನಸ್ಸು ತೋರಿಸಬಹುದು, ಅತ್ತೆ ಅದಕ್ಕೂ ಋಣಿಯಾಗಿರುತ್ತಾಳೆ. ಎಷ್ಟು ಸುಲಭ ಎಂದು ಅವಳಿಗೆ ಒಂದು ಕ್ಷಣ ಆಸೆಯೇ ಆಯಿತು. ಬಸ್ಸಿನಲ್ಲಿ ಮೊಣಕೈ ಕೊಟ್ಟವರೆಲ್ಲ ಹೀಗೆಯೇ ಅಲ್ಲವೇ, ಕ್ಷಮಿಸಿದ ಹಾಗೆ ಕೊಡುತ್ತಿದ್ದರು. ಅವಳು ಡ್ರಾಯರು ಎಳೆದು, ಸ್ಕ್ರೂಡ್ರೈವರನ್ನೂ ಕಾಗದದ ಪೊಟ್ಟಣವನ್ನೂ ತೆಗೆದು ಮೇಜಿನ ಮೇಲಿಟ್ಟಳು.

"ನಿಮ್ಮಿಂದ ಅಲ್ಲ ಅತ್ತೆ. ನಾನೇ ಬಿಚ್ಚಿದ್ದು ನಿನ್ನೆ. ಸೆಲ್ ಬದಲಾಯಿಸಿದೆ. ಬೆಳಿಗ್ಗೆ ನಿಮ್ಮನ್ನ ಕೇಳಿದೆನಲ್ಲ, ಆಗಲೂ ನನಗೆ ಗೊತ್ತಿತ್ತು."

ಅತ್ತೆ ಪೊಟ್ಟಣ ಬಿಚ್ಚಿ ನೋಡಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಈ ಮೌನವನ್ನು ಓದಿ ಹೇಳುವವರು ಯಾರೂ ಇರಲಿಲ್ಲ. ಅವಳು ಬೈಗುಳಕ್ಕೆ ಕಾದಳು, ಅಳುವಿಗೆ ಕಾದಳು, ಬರಿಗಾಲು ಹೊಸ್ತಿಲು ದಾಟಿ ಹೋಗುವುದಕ್ಕೆ ಕಾದಳು.

"ತಂತಿ ತಾಕಿದ್ರೆ ಹೀಗಾಗಲ್ವಾ?" ಎಂದಳು ಅತ್ತೆ ಕೊನೆಗೆ.

"ಆಗಲ್ಲ."

"ಖಂಡಿತ?"

"ಖಂಡಿತ ಅತ್ತೆ. ತಪ್ಪಾಯ್ತು ನನ್ನದು. ಹೋದ ತಿಂಗಳು ಅಂದದ್ದೂ."

ಪಟ್ಟಿ ಇನ್ನೂ ನಾಲ್ಕು ಅಕ್ಷರದ ಮೇಲೇ ಇದೆ, ಮೂರರದ್ದು ಅದರ ಮೇಲಿದೆ, ಬೇಗ ಒತ್ತು ಎಂದಳು ಅತ್ತೆ. ಆ ಗದರಿಕೆ ಕಿವಿಗೆ ಎಷ್ಟು ಹಿತವಾಗಿತ್ತು. ತಿಂಗಳಿನಿಂದ ಈ ಮನೆಯಲ್ಲಿ ಯಾರೂ ಅವಳನ್ನು ಗದರಿರಲಿಲ್ಲ. ಅವಳು ಒತ್ತಿದಳು, ಬದಲಾಯಿಸಿದ್ದನ್ನು ಉಳಿಸು ಎಂಬ ಕೀಲಿ ಒತ್ತಿದಳು, ಇಬ್ಬರೂ ಉಸಿರು ಹಿಡಿದರು. ಪೀಪ್. ಡಿಸ್ಕು ಓದತೊಡಗಿತು, ಓದಿತು, ಕತ್ತರಿಸಿದ ಜಾಗ ಬಂತು, ಅದನ್ನೂ ದಾಟಿ ಓದಿತು. ಒಳಗೆ ಯಜಮಾನಿಕೆ ಕೈಬದಲಾಯಿಸುತ್ತಿದೆ, ಒಬ್ಬೊಬ್ಬರಾಗಿ ಎಲ್ಲರೂ ಏಳುತ್ತಿದ್ದಾರೆ ಎಂದು ಅವಳು ಮನಸ್ಸಿನಲ್ಲೇ ಎಣಿಸುತ್ತಾ ಹೋದಳು. ಸ್ಪೀಕರಿನಲ್ಲಿ ಟಪ್ ಎಂದಿತು. ಧ್ವನಿ ಬಂದು, ಅವಳಿಗೆ ಒಗ್ಗಿದ ವೇಗದಲ್ಲಿ, ಅರಳು ಹುರಿದ ಹಾಗೆ ಪಟಪಟ ಮಾತಾಡಿತು. ಅವಳಿಗೆ ಅಳು ಬಂತು, ಒರೆಸಿಕೊಳ್ಳಲೂ ಹೋಗಲಿಲ್ಲ. ಇದಕ್ಕೇನೇ ಇಷ್ಟು ಅವಸರ, ಯಾರು ಅಟ್ಟಿಸಿಕೊಂಡು ಬಂದಿದ್ದಾರೆ ಎಂದ ಅತ್ತೆಯ ದನಿಯೂ ಸರಿಯಾಗಿರಲಿಲ್ಲ. ಅತ್ತೆ ಹೊರಗೆ ಹೋಗಿ, ಆರಿದ ಕಾಫಿಯ ಲೋಟವನ್ನೂ ಸ್ಟೂಲನ್ನೂ ಎತ್ತಿಕೊಂಡು ಬಂದು, ಲೋಟವನ್ನು ಮೇಜಿನ ಮೇಲಿಟ್ಟು ಸ್ಟೂಲನ್ನು ಪಕ್ಕ ಹಾಕಿಕೊಂಡು ಕೂತಳು.

ಗಡಿಯಾರ ಸರಿಮಾಡಿ, ಕಿವಿಗೆ ಹೆಡ್‌ಫೋನು ಏರಿಸಿ ಕೆಲಸಕ್ಕೆ ಕೂತಳು. ವೈದ್ಯ ಮೂಗಿನಲ್ಲಿ ಮಾತಾಡುವವನು, ವಾಕ್ಯದ ಕೊನೆಯನ್ನು ನುಂಗುವವನು. ಅವನ ನುಂಗುಮಾತುಗಳೆಲ್ಲ ಅವಳಿಗೆ ಬಾಯಿಪಾಠ. ವರದಿಗಳು ಒಂದೊಂದಾಗಿ ಮುಗಿದವು. ಕೊನೆಯದನ್ನು ಟೈಪು ಮಾಡಿ, ಓದಿಸಿಕೊಂಡು ಕೇಳಿ, ಒಂದು ಗಳಿಗೆ ಸುಮ್ಮನೆ ಕೂತಳು. ಯಾರದು, ಏನಂತೆ ಎಂದು ಅತ್ತೆ ಕೇಳಿದಳು. ಇದನ್ನೆಲ್ಲ ಹೊರಗೆ ಹೇಳುವ ಹಾಗಿಲ್ಲ. ಹೆಸರು ಹೇಳದೆ ಹೇಳಿದಳು: ಯಾರೋ ಹೆಂಗಸು, ಗಡ್ಡೆ ಇತ್ತು, ಪರೀಕ್ಷೆಗೆ ಕಳಿಸಿದ್ದರು, ಕೆಟ್ಟದ್ದೇನೂ ಅಲ್ಲವಂತೆ.

"ಹಾಗಾದ್ರೆ ಕೂತಿದೀಯಲ್ಲ, ಕಳಿಸು ಬೇಗ," ಎಂದಳು ಅತ್ತೆ. "ಬೆಳಿಗ್ಗೆಯಿಂದ ಜೀವ ಕೈಯಲ್ಲಿ ಹಿಡಿದುಕೊಂಡಿರ್ತಾಳೆ. ಏನೂ ಇಲ್ಲ ಅಂತ ಯಾರಾದ್ರೂ ಹೇಳೋವರೆಗೂ ಒಂದು ತುತ್ತು ಒಳಗೆ ಇಳಿಯಲ್ಲ."

ಅವಳು ಕೀಲಿ ಒತ್ತಿದಳು. ಹೋಯಿತು ಎಂದು ಧ್ವನಿ ಹೇಳಿತು. ಅವಳು ಹೆಡ್‌ಫೋನು ತೆಗೆದು ಸ್ಟೂಲಿನ ಕಡೆಗೆ ತಿರುಗಿದಳು.

"ಅತ್ತೆ, ನೀವು ಬೆಳಿಗ್ಗೆ ತಿಂದ್ರಾ?"

"ಎಲ್ಲಿ," ಎಂದಳು ಅತ್ತೆ. ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. "ಈಗ ತಿಂತೀನಿ."